ಖಾಲಿ ಇದ್ದದ್ದನ್ನೆಲ್ಲ ಗುಡಿಸಿದ್ದು

ಅಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೆಳಮಹಡಿಯಲ್ಲಿ ತಮ್ಮ ಸ್ಕ್ಯಾನಿಂಗ್ ಯಂತ್ರದ ಕೊಳವೆಯೊಳಗೆ ಮಲಗಿದ್ದ. ಅದೇ ಸ್ಕ್ಯಾನಿಂಗ್ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇವಳು ಮೇಲೆ ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ತಮ್ಮನೆಂದರೆ ಸಾಮಾನ್ಯ ಆಳಲ್ಲ. ಲಾರಿ ಓಡಿಸುವವನು, ಬಾಗಿಲು ತುಂಬುವ ಮೈ. ಆದರೆ ಲಿಫ್ಟಿಗೆ ಕಾಲಿಡು ಅಂದರೆ ಬೆವರುತ್ತಾನೆ, ಎಷ್ಟನೇ ಮಹಡಿಯಾದರೂ ಮೆಟ್ಟಿಲೇ ಗತಿ. ಬೆನ್ನುನೋವು ಎಡಗಾಲಿಗಿಳಿದು ಪಾದ ಜೋಮು ಹಿಡಿದ ಮೇಲೂ ಕೊಳವೆಯ ಮಾತೆತ್ತಿದರೆ ಏನಾದರೊಂದು ನೆವ ತೆಗೆಯುತ್ತಿದ್ದ. ಚಿತ್ರ ನೋಡದೆ ಆಪರೇಷನ್ ಮಾಡುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅತ್ತು, ಬೈದು, ರಮಿಸಿ, ಅಂತೂ ಇವತ್ತು ಎಳೆದು ತಂದಿದ್ದಳು.

ಇಂಥ ಹೊತ್ತಿನಲ್ಲೇ ಮ್ಯಾನೇಜರಿಗೆ ಶುಚಿತ್ವದ ಹುಚ್ಚು ಹತ್ತಬೇಕೆ! ಸರ್ವರಿನ ತುಂಬ ಖಾಲಿ ಫೋಲ್ಡರುಗಳೇ, ಬೇಕಾದ್ದು ಹುಡುಕುವುದೇ ಗೋಳು, ಇವತ್ತೇ ತೆಗೆದುಹಾಕಿ ಎಂದು ಬೆಳಗಿನಿಂದ ತಲೆ ತಿಂದಿದ್ದರು. ಹೆಸರು ಬರೆಸಿ, ಹೆದರಿ ವಾಪಸು ಹೋದವರ ಫೋಲ್ಡರುಗಳು ಅವು. ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟರೆ ಖಾಲಿ ಇದ್ದದ್ದನ್ನೆಲ್ಲ ಹುಡುಕಿ ಅಳಿಸುತ್ತದೆ, ತುಂಬಿದ್ದನ್ನು ಮುಟ್ಟುವುದಿಲ್ಲ. ಮೊದಲು ಪಟ್ಟಿ ತೋರಿಸಲು ಹೇಳಿ, ಕಣ್ಣಾಡಿಸಿ, ಆಮೇಲೆ ಅಳಿಸಬೇಕು ಎಂದು ಹೊಸಬರಿಗೆ ಬಾಯಿಪಾಠ ಮಾಡಿಸುತ್ತಿದ್ದವಳು ಇವಳೇ. ಆದರೆ ಜೀವವೆಲ್ಲ ಕೆಳಗಿತ್ತು. ತಮ್ಮ ಹೊರಬರುವಾಗ ಎದುರಿಗಿರಬೇಕೆಂದು ಪಟ್ಟಿಯ ಗೊಡವೆಗೆ ಹೋಗದೆ ಎಂಟರ್ ಒತ್ತಿ ಮೆಟ್ಟಿಲಿಳಿದಳು.

ಅವಳು ಬೆಂಚಿನ ಮೇಲೆ ಚಡಪಡಿಸುತ್ತ ಕೂತಿರುವಾಗ ಬಾಗಿಲ ಮೇಲಿನ ಕೆಂಪು ದೀಪ ಆರಿತು. ತಮ್ಮ ಯುದ್ಧ ಗೆದ್ದವನ ಹಾಗೆ ಬಂದ. ಅಂಗಿ ಮೈಗಂಟಿತ್ತು. ಶೂ ಹಾಕಿಕೊಳ್ಳುತ್ತಲೇ ಹೆಂಡತಿಗೆ ಫೋನ್ ಮಾಡಿ, ಹೆದರಿಕೆಯಾದರೆ ಒತ್ತು ಎಂದು ಕೈಗೆ ಕೊಟ್ಟಿದ್ದ ಗಂಟೆಯನ್ನು ಒಂದು ಸಲವೂ ಒತ್ತಲಿಲ್ಲ ಎಂದು ಕೊಚ್ಚಿಕೊಂಡ. ಅಷ್ಟರಲ್ಲಿ ಟೆಕ್ನಿಷಿಯನ್ ಅವಳನ್ನು ಒಳಗೆ ಕರೆದು, ಚಿತ್ರ ಒಂದೂ ಬಂದಿಲ್ಲ, ಫೋಲ್ಡರೇ ಇಲ್ಲ ಅನ್ನುತ್ತಿದೆ ಎಂದ.

ಅವಳಿಗೆ ತಾನು ಎಂಟರ್ ಒತ್ತಿ ಬಂದದ್ದು ನೆನಪಾಯಿತು. ಹೆಸರು ಬರೆಸಿದ ಕೂಡಲೇ ಫೋಲ್ಡರ್ ತಯಾರಾಗುತ್ತದೆ. ಚಿತ್ರಗಳು ಬಂದು ಬೀಳುವುದು ಸ್ಕ್ಯಾನ್ ಪೂರ್ತಿ ಮುಗಿದ ಮೇಲೆ. ಜಾಗ ಸಿಗದಿದ್ದರೆ ಆ ಹಳೇ ಯಂತ್ರ ತನ್ನಲ್ಲೂ ಇಟ್ಟುಕೊಳ್ಳುವುದಿಲ್ಲ. ತಮ್ಮ ಹಲ್ಲುಕಚ್ಚಿ ಮಲಗಿದ್ದಷ್ಟು ಹೊತ್ತೂ ಅವನ ಫೋಲ್ಡರ್ ಖಾಲಿಯೇ ಇತ್ತು. ಪೊರಕೆ ಹಿಡಿದವಳು ಒಡಹುಟ್ಟಿದವಳು.

ಯಂತ್ರ ಕೆಟ್ಟಿತು ಅನ್ನಿ, ಯಾರು ಕೇಳುತ್ತಾರೆ ಎಂದು ಟೆಕ್ನಿಷಿಯನ್ ಪಿಸುಗುಟ್ಟಿದ. ಆ ಮಾತು ಸಿಹಿಯಾಗೇ ಕೇಳಿಸಿತು, ಸುಳ್ಳೇಕೆ. ಆದರೆ ಕೆಟ್ಟ ಯಂತ್ರ ಅಂದರೆ ಅವನು ಈ ಜನ್ಮದಲ್ಲಿ ಅದರ ಕಡೆ ತಲೆ ಹಾಕುವುದಿಲ್ಲ. ಹೊರಗೆ ಬಂದು ಪಕ್ಕದಲ್ಲಿ ಕೂತಳು.

"ಯಂತ್ರದ್ದೇನೂ ತಪ್ಪಿಲ್ಲ ಕಣೋ. ನೀನು ಒಳಗಿದ್ದಾಗ ನಿನ್ನ ಫೋಲ್ಡರ್ ನಾನೇ ಅಳಿಸ್ಬಿಟ್ಟೆ. ಇನ್ನೊಂದ್ಸಲ ಹೋಗ್ಬೇಕು."

ತಮ್ಮನ ಮುಖ ಕೆಂಪಾಯಿತು. ಎದ್ದು, ಪಾದ ಎಳೆಯುತ್ತ ಹೊರಬಾಗಿಲವರೆಗೂ ಹೋಗಿಬಿಟ್ಟ. ಅವನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ತಿರುಗಿ ಬಂದು ಶೂ ದಾರ ಬಿಚ್ಚತೊಡಗಿದ. ದಾರ ಗಂಟುಬಿತ್ತು. ಅವಳೇ ಬಗ್ಗಿ ಬಿಚ್ಚಿದಳು.

"ನಡಿ," ಅಂದ. "ಈ ಸಲ ನನ್ನ ಪಕ್ಕದಲ್ಲೇ ನಿಂತಿರಕ್ಕ. ನಾನು ಹೊರಗೆ ಬರೋವರೆಗೂ ಆ ಕಂಪ್ಯೂಟರ್ ಹತ್ರ ಮಾತ್ರ ಹೋಗ್ಬೇಡ."