ಥೆಯೋನಿಲ್ಲಾಳ ಹೆಸರಿನ ಚೀಟಿ

"ಎದ್ದೇಳೇ ಮುಂಡೆ! ಹಿಟ್ಟಿನ ಕೈ ತೊಳ್ಕೊ. ಒಡೇರ ಮಗಳ ಬಟ್ಟೆ ಉಟ್ಕೊಂಡು ಗುಡಿಗೆ ಹೋಗ್ಬೇಕು ನೀನು."

ಮೇಸ್ತ್ರಿ ಸೋತಾಸ್ ತೆಕೋಶಳ ಜಡೆ ಹಿಡಿದೆಳೆದ. ಒಂದೇ ಬೀಸುಕಲ್ಲಿಗೆ ಕೂತ ಗುಲಾಮರು ನಾವಿಬ್ಬರು. ನಾನು ಕಲ್ಲು ನಿಲ್ಲಿಸಲಿಲ್ಲ. ಜಡೆ ನನಗೂ ಇತ್ತು.

ನಮ್ಮ ಅರ್ಸಿನೋಯೆ ಪಟ್ಟಣದಲ್ಲಿ ಡಂಗುರವಾಗಿತ್ತು: ಪ್ರತಿಯೊಬ್ಬರೂ ಚಕ್ರವರ್ತಿಯ ದೇವರಿಗೆ ಬಲಿ ಕೊಟ್ಟು, ಆ ಮಾಂಸ ತಿಂದು, ತಿಂದದ್ದಕ್ಕೆ ತನ್ನ ಹೆಸರಿನ ಚೀಟಿ ಪಡೆಯಬೇಕು. ಒಲ್ಲೆನೆಂದರೆ ಸಾವು. ಒಡೆಯ ದಿದಿಮೋಸ್ ಕ್ರಿಸ್ತನವನು. ಮಗಳು ಥೆಯೋನಿಲ್ಲಾ ತಿಂದರೆ ನರಕ, ಬಿಟ್ಟರೆ ಸಾವು. ಅದಕ್ಕೇ ಅವಳ ಹೆಸರಿನಲ್ಲಿ ತೆಕೋಶ್ ತಿಂದು ಬರಬೇಕಿತ್ತು.

"ನಾನೂ ಅದೇ ದೀಕ್ಷೆ ನೀರಲ್ಲಿ ಮುಳುಗ್ದೋಳಲ್ವಾ ಒಡೆಯಾ?" ಎಂದಳು ತೆಕೋಶ್, ಬಾಗಿಲಲ್ಲಿ ನಿಂತಿದ್ದ ಒಡೆಯನಿಗೆ.

"ನೀರಲ್ಲಿ ಹಂದೀನೂ ಮುಳುಗ್ತದೆ," ಎಂದ ಸೋತಾಸ್.

ಒಡೆಯ ನಗಲಿಲ್ಲ. "ಪಾಪ ನಂಗೇ ಬರ್ಲಿ ಹೋಗು, ಮಗಾ."

ಬಲಿಯ ದ್ರಾಕ್ಷಾರಸದ ಕೊಡ ಹೊತ್ತು, ಅವಳ ಮತ್ತು ಸೋತಾಸನ ಹಿಂದೆ ನಾನೂ ಗುಡಿಗೆ ಹೋದೆ. ಚೀಟಿ ಬರೆಯುವ ಗುಮಾಸ್ತ ಅವಳ ಹೆಸರು ಕೇಳಿದ.

"ತೆಕೋಶ್. ಹಿಟ್ಟು ಬೀಸೋಳು. ಕ್ರಿಸ್ತನ ಮಗಳು. ನಾ ತಿನ್ನಾಕಿಲ್ಲ."

"ಕಳ್ಳ ಲೌಡಿ! ಒಡೇರ ಮನೆ ಬಟ್ಟೆ ಕದ್ದು ಬಂದವ್ಳೆ!" ಸೋತಾಸ್ ಕೂಗಿದ. ಎಲ್ಲರೆದುರೇ ಬಟ್ಟೆ ಕಿತ್ತು ನನ್ನ ಮುಖಕ್ಕೆಸೆದ. "ಇನ್ನು ನೀನು," ಎಂದ ನನ್ನ ಕಿವಿಯಲ್ಲಿ.

ಬಟ್ಟೆ ಇನ್ನೂ ಬೆಚ್ಚಗಿತ್ತು.

ಮೂರನೆಯ ದಿನ ಅವಳನ್ನು ಉರಿಯುವ ಸುಣ್ಣದ ಗೂಡಿಗೆ ತಳ್ಳಿದರು. ಅದೇ ಬೆಳಿಗ್ಗೆ ನಾನು ಬೇರೊಬ್ಬ ಗುಮಾಸ್ತನೆದುರು, ನನ್ನ ಮೊಣಕಾಲು ಮುಚ್ಚದ ಆ ಬಟ್ಟೆಯಲ್ಲಿ ನಿಂತು, ಥೆಯೋನಿಲ್ಲಾ ಎಂದೆ. ಮಾಂಸ ನುಂಗಿದೆ. ಕಾಲಗುಂಟ ಉಚ್ಚೆ ಇಳಿಯಿತು. ಗುಮಾಸ್ತ ಅದನ್ನು ನೋಡಿ, ಮುಖ ತಿರುಗಿಸಿ ಚೀಟಿ ಬರೆದ.

ಭಾನುವಾರ ಪ್ರಾರ್ಥನೆಗೆ ಪಾದ್ರಿ ಒಡೆಯನ ಮನೆಗೆ ಬಂದ.

"ತೆಕೋಶಳ್ನ ಬೆಂಕಿ ಮುಟ್ಲೇ ಇಲ್ವಂತೆ ಸ್ವಾಮಿ. ಕನ್ಯೆ. ನಮ್ಮನೆ ಹುಡುಗಿ," ಎಂದು ಒಡೆಯ ಕಣ್ಣೊರೆಸಿಕೊಂಡ.

ಸುಟ್ಟ ಕೂದಲಿನ ವಾಸನೆ ನಮ್ಮ ಬೀಸುಕಲ್ಲಿನವರೆಗೂ ಬಂದಿತ್ತು.

ಪಾದ್ರಿ ಪ್ರಸಾದದ ರೊಟ್ಟಿ ಮುರಿದು ಥೆಯೋನಿಲ್ಲಾಳಿಗೆ ಕೊಟ್ಟ. ನಾನು ಕೈ ಚಾಚಿದೆ. ಒಡೆಯ ಅಡ್ಡ ಬಂದ.

"ವಿಗ್ರಹದ ಮಾಂಸ ತಿಂದ ಬಾಯಿ ನಿಂದು. ಆಚೆ ನಿಂತ್ಕೊ."

"ಯಾರು ತಿಂದದ್ದು?" ಪಾದ್ರಿ ಕೈ ತಡೆದು ಕೇಳಿದ.

ಸೋತಾಸ್ ಬಾಗಿಲಲ್ಲಿದ್ದ. ಚಾವಟಿ ಅವನ ಸೊಂಟದಲ್ಲಿತ್ತು. ನಾನು ಪಾದ್ರಿಯತ್ತ ತಿರುಗಿದೆ.

"ನಾನಲ್ಲ ಸ್ವಾಮಿ. ಚೀಟಿ ಒಡೇರ ತಾವೇ ಐತೆ, ಇಸ್ಕೊಂಡು ಓದಿ. ತಿಂದೋಳು ಥೆಯೋನಿಲ್ಲಾ."

ಥೆಯೋನಿಲ್ಲಾಳ ಬಾಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಪಾದ್ರಿ ಒಡೆಯನ ಮುಂದೆ ಕೈ ಒಡ್ಡಿದ.

ನನ್ನ ಬೆನ್ನ ಹಿಂದೆ ಸೋತಾಸ್ ಬಾಗಿಲು ಹಾಕಿದ.