ಮೂರನೆ ಸಲ

ನಮ್ಮೂರಲ್ಲಿ ಯಾರಾದರೂ ಏನಾದರೂ ಕೊಡೋಕೆ ಬಂದರೆ ಎರಡು ಸಲ ಬೇಡ ಅನ್ನಬೇಕು. ಮೂರನೆ ಸಲ ಕೇಳಿದಾಗ, "ಸರಿ, ನೀನು ಇಷ್ಟು ಹೇಳ್ತಿದ್ದೀಯಲ್ಲ" ಅಂತ ತಗೋಬೇಕು. ಮೊದಲನೆ ಸಲಕ್ಕೇ ಹೂಂ ಅಂದವಳು ಆಸೆಬುರುಕಿ, ಮೂರನೆ ಸಲಕ್ಕೂ ಬೇಡ ಅಂದವಳು ಸೊಕ್ಕಿನವಳು. ಇದನ್ನ ಯಾರೂ ಕೂರಿಸಿಕೊಂಡು ಹೇಳಿಕೊಡಲ್ಲ. ವಿಸ್ಕಾನ್ಸಿನ್ನಿನ ಈ ಮೂಲೇಲಿ, ಅರ್ಧ ವರ್ಷ ಹಿಮದಲ್ಲೇ ಹೂತುಹೋಗಿರೋ ಹಾರ್ವಿಗ್ ಅನ್ನೋ ನಮ್ಮೂರಲ್ಲಿ ಹುಟ್ಟಿದ ಮಗು ಮಾತು ಕಲಿಯೋಕೆ ಮುಂಚೆಯೇ ಇದನ್ನ ಕಲಿತಿರುತ್ತೆ. ನನ್ನ ಗಂಡ ಓರ್ವಿಲ್ ಮದುವೆಯಾಗ್ತೀಯಾ ಅಂತ ಕೇಳಿದಾಗಲೂ ನಾನು ಎರಡು ಸಲ ಬೇಡ ಅಂದಿದ್ದೆ. ಅವನು ಹೋಗಿ ಟ್ರಾಕ್ಟರಿನ ಎಣ್ಣೆ ಬದಲಾಯಿಸಿ, ಕೈ ಒರೆಸಿಕೊಂಡು ಬಂದು, ಮೂರನೆ ಸಲ ಕೇಳಿದ. ಅವಸರ ಅನ್ನೋದು ಅವನ ಜಾಯಮಾನದಲ್ಲೇ ಇರಲಿಲ್ಲ.

ಶುಕ್ರವಾರ ಸಂಜೆ ಅಂದರೆ ನಮಗೆ ಮೀನು. ಹೆದ್ದಾರಿ ಪಕ್ಕದ ರೆಡ್ ಪೈನ್ ಹೋಟೆಲಿನಲ್ಲಿ ಕಿಟಕಿ ಹತ್ತಿರ ಒಂದು ದುಂಡು ಮೇಜು ಇದೆ, ಎಂಟು ಕುರ್ಚಿ. ನಮ್ಮ ಮಕ್ಕಳು ತೊಟ್ಟಿಲಲ್ಲಿದ್ದಾಗಿಂದ ಅದು ನಮ್ಮದೇ ಮೇಜು. ನಾನು, ಓರ್ವಿಲ್, ನನ್ನ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದ ಲವೋನ್, ಅವಳ ಗಂಡ ಡ್ವೇನ್, ಚರ್ಚಿನ ಕಡೆಯ ಇನ್ನೆರಡು ಜೋಡಿ. ಮೊದಲು ಬ್ರಾಂದಿ, ಆಮೇಲೆ ಗರಿಗರಿ ಮೀನು, ಎಲೆಕೋಸಿನ ಸಲಾಡು, ಕಪ್ಪು ಬ್ರೆಡ್ಡು. ತಟ್ಟೆ ಎತ್ತಿದ ಮೇಲೆ ಅದೇ ಮೇಜಿನ ಮೇಲೆ ಜೋಡಿ ಜೋಡಿಯಾಗಿ ಇಸ್ಪೀಟು. ವಾರವೆಲ್ಲ ಹೇಗೇ ಹಾಳಾಗಿ ಹೋಗಲಿ, ಶುಕ್ರವಾರ ಒಂದಿತ್ತು ನನಗೆ.

ಜನವರಿಯಲ್ಲಿ ಓರ್ವಿಲ್ ಅಂಗಳದ ಹಿಮ ತೆಗೆಯೋಕೆ ಹೋದವನು ಸಲಿಕೆ ಹಿಡಿದುಕೊಂಡೇ ಬಿದ್ದ. ನಾನು ಕಿಟಕಿಯಿಂದ ನೋಡಿ, ಏನೋ ಹುಡುಕ್ತಾ ಬಗ್ಗಿದಾನೆ ಅಂದುಕೊಂಡೆ.

ಅವನನ್ನ ಮಣ್ಣು ಮಾಡಿದ ಮೇಲೆ ಊರಿಗೆ ಊರೇ ಅಡುಗೆ ಮಾಡಿಕೊಂಡು ಬಂತು. ಆಲೂಗಡ್ಡೆ, ಮಾಂಸ, ಶಾವಿಗೆ, ಚೀಸು, ಎಲ್ಲ ಒಂದೇ ಪಾತ್ರೇಲಿ ಬೇಯಿಸಿದ್ದು. ಪಾತ್ರೆಯ ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ಮನೆಯವರ ಹೆಸರು. ತಿಂದಾದ ಮೇಲೆ ತೊಳೆದು ವಾಪಸ್ ಕೊಡಬೇಕಲ್ಲ. ಒಬ್ಬಳೇ ಎಷ್ಟು ತಿನ್ನಲಿ? ಚೆಲ್ಲಿದೆ, ತೊಳೆದೆ, ಒಂದೊಂದೇ ಮನೆಗೆ ಕೊಟ್ಟು ಬಂದೆ. ಕೊನೇ ಪಾತ್ರೆ ಲವೋನಳದು. ಅದು ಮನೆ ಬಿಟ್ಟಿದ್ದೇ ತಡ, ಜನರೂ ಬರೋದು ಬಿಟ್ಟರು.

ಶುಕ್ರವಾರ ಬಂದಾಗಲೆಲ್ಲ ಲವೋನ್ ಫೋನ್ ಮಾಡಿ, "ಈ ವಾರ ನೀನು ಸುಧಾರಿಸ್ಕೋ ಕಣೆ. ನಾವು ತೊಂದರೆ ಕೊಡಲ್ಲ," ಅಂತಿದ್ದಳು. ಆಮೇಲೆ ಫೋನೂ ನಿಂತಿತು. ಒಂದು ಸಲ ನಲ್ಲಿ ಸೋರುತ್ತೆ ಅಂತ ಡ್ವೇನನ್ನ ಕರೆದೆ. ಅವನ ಹಿಂದೇನೇ ಲವೋನ್ ಬಂದು, ಅವನು ರಿಪೇರಿ ಮುಗಿಸೋ ತನಕ ಅಡುಗೆಮನೆ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಎಪ್ಪತ್ತು ಹತ್ತಿರವಾಯ್ತು ನನಗೆ, ಮಂಡಿ ಮಡಚೋಕೆ ಆಗಲ್ಲ. ಡ್ವೇನನಿಗೆ ಒಂದು ಕಿವಿ ಕೇಳಿಸಲ್ಲ. ಏನು ಮಾಡ್ತೀವಿ ಅಂದುಕೊಂಡಿದ್ದಳೋ ದೇವರಿಗೇ ಗೊತ್ತು.

ಮೇ ತಿಂಗಳಲ್ಲಿ ನಮ್ಮೂರಿಗೆಲ್ಲ ಒಂದೇ ದಿನ ಗರಾಜ್ ಸೇಲು. ಪ್ರತಿ ಮನೆಯವರೂ ಗರಾಜಿನ ಬಾಗಿಲು ಎತ್ತಿ, ಹಳೇ ಸಾಮಾನು ಹರಡಿಕೊಂಡು ಕೂರ್ತಾರೆ. ಇವರ ಕಸ ಅವರ ಮನೆಗೆ, ಅವರ ಕಸ ಇವರ ಮನೆಗೆ. "ಓರ್ವಿಲ್ ಸಾಮಾನೆಲ್ಲ ತೆಗೆದುಬಿಡು ಆರ್ಡಿಸ್, ಮನಸ್ಸು ಹಗುರಾಗುತ್ತೆ," ಅಂತ ಲವೋನೇ ಹೇಳಿದ್ದು. ನಾನೂ ತೆಗೆದೆ. ಯಾಕೆ ಅಂತ ನಿಜ ಹೇಳಲಾ? ಸೇಲಿನ ನೆಪದಲ್ಲಾದರೂ ಅವರೆಲ್ಲ ನನ್ನ ಅಂಗಳಕ್ಕೆ ಬರ್ತಾರೆ, ಬಂದರೆ ಶುಕ್ರವಾರದ ಮಾತು ಎತ್ತೇ ಎತ್ತುತ್ತಾರೆ ಅಂತ. ಕರೀಲಿ ಅಂತ ಕಾದಿದ್ದೆ. ಬಾಯಿಬಿಟ್ಟು ನಾನೇ ಕೇಳೋದು ನಮ್ಮೂರಲ್ಲಿ ಸತ್ತರೂ ಆಗದ ಕೆಲಸ.

ಬೆಳಿಗ್ಗೇನೇ ಬಂದಳು ಲವೋನ್, ಕಾಫಿ ಲೋಟ ಹಿಡಿದುಕೊಂಡು. ಮೀನಿನ ಗಾಳಗಳನ್ನ ಎತ್ತಿ ನೋಡಿದಳು, ವಾಫಲ್ ಸುಡೋ ಜೋಡಿ ಹಂಚನ್ನ ಮುಚ್ಚಿ ತೆರೆದಳು. ಕೊನೆಗೆ, ಹಂಚು ನೋಡ್ತಾನೇ ಕೇಳಿದಳು.

"ಈ ಶುಕ್ರವಾರ ಬರ್ತೀಯೇನೆ, ಮೀನಿಗೆ?"

ಇದಕ್ಕೇ ಕಾದಿದ್ದೆ ನಾನು. ಆದರೂ ಬಾಯಿ ತನ್ನ ಪಾಡಿಗೆ ತಾನು, "ಅಯ್ಯೋ, ಬೇಡಪ್ಪ. ನಿಮ್ಮ ಮಧ್ಯೆ ನಾನ್ಯಾಕೆ?" ಅಂತು.

"ಹಾಗೆಲ್ಲ ಅನ್ನಬಾರದು. ಬಾರೆ."

"ಇಲ್ಲ ಕಣೆ, ಮನೇಲಿ ಸೂಪಿದೆ. ನೀವು ಹೋಗಿ ಬನ್ನಿ."

ಎರಡಾಯ್ತು. ನಾನು ಸರಿ ಅನ್ನೋ ಮಾತನ್ನ ನಾಲಿಗೆ ತುದೀಲಿ ಇಟ್ಟುಕೊಂಡು, ಮುಖದಲ್ಲಿ ಸ್ವಲ್ಪ ಸಂಕೋಚ ತಂದುಕೊಂಡು ನಿಂತೆ. ಲವೋನ್ ಹಂಚನ್ನ ತಲೆಕೆಳಗು ಮಾಡಿದಳು.

"ಇದು ಕಾಯುತ್ತಾ ಸರಿಯಾಗಿ?" ಅಂದಳು.

ಕಾಯುತ್ತೆ ಅಂದೆ. ಇನ್ನೇನು ಹೇಳಲಿ!

ಅಷ್ಟರಲ್ಲಿ ಹಳೇ ಅಂಚೆ ಕಚೇರಿ ಎದುರಿನ ಮನೆಗೆ ಹೊಸದಾಗಿ ಬಂದಿದ್ದ ಗಂಡ ಹೆಂಡತಿ ಒಳಗೆ ಬಂದರು. ಕ್ಲಿಂಟ್ ಮತ್ತು ರೋಶೆಲ್, ಬಿಸಿಲಿನ ಟೆಕ್ಸಸ್ ಕಡೆಯವರು, ನಮ್ಮ ಮೇ ತಿಂಗಳೂ ಅವರಿಗೆ ಚಳಿಗಾಲವೇ. ಅವರ ಮಾತೇ ಜೋರು, ನಗುವೂ ಜೋರು. ಕ್ಲಿಂಟ್ ನೇರವಾಗಿ ಗೂಟಕ್ಕೆ ನೇತುಹಾಕಿದ್ದ ಓರ್ವಿಲ್‌ನ ಕೋಟಿಗೆ ಕೈ ಹಾಕಿದ. ಕೆಂಪು ಕಪ್ಪು ಚೌಕಳಿಯ ಉಣ್ಣೆ ಕೋಟು. ಪ್ರತಿ ಶುಕ್ರವಾರ ಅವನು ಹಾಕ್ಕೊಂಡು ಹೋಗ್ತಿದ್ದದ್ದು ಅದನ್ನೇ.

"ಹಾಕ್ಕೊಂಡು ನೋಡ್ಲಾ ಮೇಡಂ?"

ಹಾಕಿಕೊಂಡ. ಹೇಳಿ ಹೊಲಿಸಿದ ಹಾಗೆ ಕೂತಿತು. ಹಿಂದೆ ಕಾಲರ್ ಮಡಚಿಕೊಂಡಿತ್ತು. ನಾನೇ ಹೋಗಿ ಸರಿ ಮಾಡಿದೆ, ರೂಢಿ ಬಲ ನೋಡಿ. ಈ ಊರಿನ ಚಳಿಗೆ ಯಾರಾದರೂ ಹಾಕ್ಕೊಳ್ಳಲಿ, ಪೆಟ್ಟಿಗೇಲಿ ಹುಳ ಹಿಡಿಯೋದಕ್ಕಿಂತ ವಾಸಿ ಅಂತ ಅವನಿಗೇ ಮಾರಿಬಿಟ್ಟೆ.

"ಇಲ್ಲಿ ಊಟಕ್ಕೆ ಎಲ್ಲಿ ಚೆನ್ನಾಗಿರುತ್ತೆ?" ಅಂತ ಕೇಳಿದಳು ರೋಶೆಲ್.

"ರೆಡ್ ಪೈನು. ಶುಕ್ರವಾರ ನಾವೆಲ್ಲ ಹೋಗ್ತೀವಿ, ನೀವೂ ಬನ್ನಿ," ಅಂದಳು ಲವೋನ್. ಬರೀ ಉಪಚಾರದ ಮಾತು. ಅಂಗಳದಲ್ಲಿದ್ದ ನಾಯಿಗೂ ಗೊತ್ತಾಗ್ತಿತ್ತು.

"ಓಹೋ, ಬರ್ತೀವಿ! ಎಷ್ಟು ಗಂಟೆಗೆ?" ಅಂದ ಕ್ಲಿಂಟ್.

ಲವೋನ್ ಮುಖ ನೋಡಬೇಕಿತ್ತು. ನನಗೆ ನಗು ಬಂತು. ನಗಬಾರದಿತ್ತು, ಹೋಗ್ತಿದ್ದದ್ದು ನನ್ನ ಕುರ್ಚಿ.

ಅಲ್ಲಿಂದ ಶುಕ್ರವಾರದ ತನಕ ಫೋನಿನ ಪಕ್ಕದಲ್ಲೇ ಬಿದ್ದಿದ್ದೆ. ಗಿರಾಕಿಗಳ ಗಲಾಟೇಲಿ ಲವೋನ್ ಮೂರನೆ ಸಲ ಕೇಳೋದು ಮರೆತಿರಬೇಕು, ನೆನಪಾದ ತಕ್ಷಣ ಮಾಡ್ತಾಳೆ ಅಂತ. ಸ್ನಾನಕ್ಕೆ ಹೋದರೂ ಬಾಗಿಲು ತೆರೆದಿಟ್ಟು ಹೋಗ್ತಿದ್ದೆ. ಒಂದು ಸಲ ಮಾತ್ರ ಫೋನ್ ಹೊಡ್ಕೊಂಡಿತು, ಯಾರೋ ಕಿಟಕಿ ಗಾಜು ಮಾರುವವರು. ಶುಕ್ರವಾರ ರಾತ್ರಿ ಸೂಪು ಬಿಸಿ ಮಾಡ್ತಾ ಇದ್ದಾಗ ಒಮ್ಮೆಗೇ ಹೊಳೀತು. ಲವೋನ್ ಹುಟ್ಟಿದ್ದೂ ಇದೇ ಊರಲ್ಲಿ, ಬೆಳೆದದ್ದೂ ಇದೇ ಊರಲ್ಲಿ. ಎರಡಾದ ಮೇಲೆ ಮೂರು ಬರುತ್ತೆ ಅಂತ ಅವಳಿಗೆ ಗೊತ್ತಿಲ್ವಾ? ಬೇಕು ಅಂತಲೇ ಎರಡಕ್ಕೆ ನಿಲ್ಲಿಸಿದಳು. ಕರೆದ ಪುಣ್ಯ ಅವಳಿಗೆ, ಬರಲಿಲ್ಲ ಅನ್ನೋ ತಪ್ಪು ನನಗೆ. ಸೂಪನ್ನ ತೊಟ್ಟಿಗೆ ಸುರಿದೆ.

ಸರಿ, ಇನ್ನೊಂದು ಸಲ ಕರೀಲಿ, ಮೊದಲನೆ ಮಾತಿಗೇ ಹೂಂ ಅಂತೀನಿ, ಆಸೆಬುರುಕಿ ಅಂದರೆ ಅನ್ನಲಿ ಅಂತ ಗಟ್ಟಿ ಮಾಡಿಕೊಂಡೆ. ಮುಂದಿನ ಶುಕ್ರವಾರ ತಲೆ ಬಾಚಿ, ನೀಲಿ ಸ್ವೆಟರ್, ಮೇಲೊಂದು ಕೋಟು ಹಾಕಿಕೊಂಡು, ನಾನೇ ಗಾಡಿ ಓಡಿಸಿಕೊಂಡು ರೆಡ್ ಪೈನಿಗೆ ಹೋದೆ.

ಒಳಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬಿದ್ದದ್ದು ಓರ್ವಿಲ್‌ನ ಬೆನ್ನು. ಅವನ ಕುರ್ಚಿ, ಅವನ ಕೋಟು. ಆಮೇಲೆ ಆ ಬೆನ್ನು ಜೋರಾಗಿ ನಕ್ಕಿತು. ಓರ್ವಿಲ್ ಯಾವತ್ತೂ ಹಾಗೆ ನಕ್ಕವನಲ್ಲ.

ಲವೋನ್ ನನ್ನನ್ನ ನೋಡಿಬಿಟ್ಟಳು. ನೋಡಿದ ಮೇಲೆ ಸುಮ್ಮನಿರೋ ಹಾಗಿಲ್ಲ, ಹೋಟೆಲಿನ ತುಂಬ ಚರ್ಚಿನ ಜನ.

"ಅಯ್ಯೋ ಆರ್ಡಿಸ್! ಬಾರೆ, ನಮ್ಮ ಜೊತೇನೇ ಕೂತ್ಕೋ!" ಅಂತ ಎಲ್ಲರಿಗೂ ಕೇಳಿಸೋ ಹಾಗೆ ಕೂಗಿದಳು.

"ಹೂಂ," ಅಂದೆ.

ಡ್ವೇನ್ ತನ್ನ ಚೆನ್ನಾಗಿರೋ ಕಿವೀನ ಈ ಕಡೆ ತಿರುಗಿಸಿ, "ಏನಂದಳು?" ಅಂತ ಹೆಂಡತೀನ ಕೇಳಿದ. "ಕೂತ್ಕೊಳ್ತಾಳಂತೆ," ಅಂದಳು ಲವೋನ್, ಹಲ್ಲು ಬಿಡ್ತಾ. ಬಡಿಸೋ ಕೋರಾ ಅಡುಗೆಮನೆ ಕಡೆಯಿಂದ ಇನ್ನೊಂದು ಕುರ್ಚಿ ತಂದಳು. ಎಲ್ಲರೂ ಒಂದೊಂದು ಗೇಣು ಸರಿದರು. ನನ್ನ ತಟ್ಟೆಗೆ ಜಾಗ ಸಾಲದೆ ಅರ್ಧ ಮೇಜಿನ ಮೇಲೆ, ಅರ್ಧ ಹೊರಗೆ.

ರೋಶೆಲ್ ಒಬ್ಬಳೇ ಖುಷಿಯಾಗಿ ಮಾತಾಡಿಸಿದ್ದು. "ಕೋಟು ಎಷ್ಟು ಬೆಚ್ಚಗಿದೆ ಅಂತೀರಿ! ಇವನು ಬಿಚ್ಚೋದೇ ಇಲ್ಲ," ಅಂದಳು. ಪಾಪ, ಅವಳ ಮೇಲೆ ನನಗೇನೂ ಕೋಪ ಇಲ್ಲ. ಕರೆದರು, ಬಂದಳು.

ತಟ್ಟೆ ಎತ್ತಿದ ಮೇಲೆ ಡ್ವೇನ್ ಇಸ್ಪೀಟೆಲೆ ತೆಗೆದ. ಎಲೆ ಹಂಚೋಕೆ ಹೋಗಿ, ನನ್ನ ಮುಖ ನೋಡಿ, ಕೈ ಅಲ್ಲೇ ನಿಲ್ಲಿಸಿದ. ಎಂಟು ಜನ ಆಡೋ ಆಟ, ಒಂಬತ್ತನೆಯವಳು ನಾನು.

"ನೀವು ಆಡಿ, ನಾನು ನೋಡ್ತೀನಿ," ಅಂದೆ.

"ನಿನಗೆ ಬೇಜಾರಾಗುತ್ತೆ ಕಣೆ," ಅಂತ ಲವೋನ್ ಎದ್ದೇ ಬಿಟ್ಟಳು. "ಕತ್ತಲಾಗೋಕೆ ಮುಂಚೆ ಹೊರಡು. ರಸ್ತೇಲಿ ಜಿಂಕೆ ಅಡ್ಡ ಬರುತ್ತೆ, ನೋಡ್ಕೊಂಡು ಹೋಗು." ನಮ್ಮೂರಲ್ಲಿ ಜಿಂಕೆ ಮಾತು ಬಂತು ಅಂದರೆ ಎದ್ದು ಹೋಗು ಅಂತ. ಬಾಗಿಲ ತನಕ ಬಂದು, ನನ್ನ ಕೋಟಿನ ತೋಳು ಹಿಡಿದು, ಹಾಕಿಸ್ತಾ, "ಮುಂದಿನ ವಾರಾನೂ ಬಾ ಮತ್ತೆ," ಅಂದಳು.

"ಬರ್ತೀನಿ," ಅಂದೆ.

ಅವಳ ಕೈ ನನ್ನ ತೋಳಿನ ಮೇಲೇ ಒಂದು ಗಳಿಗೆ ನಿಂತಿತು. ಆಮೇಲೆ ಕಾಲರ್ ಸರಿ ಮಾಡಿ ಒಳಗೆ ಹೋದಳು.

ವಾರ ಪೂರ್ತಿ ನನ್ನನ್ನ ನಾನೇ ಸಮಾಧಾನ ಮಾಡಿಕೊಂಡೆ. ಮೊದಲನೆ ದಿನ ಯಾರಿಗಾದರೂ ಮುಜುಗರವೇ. ಇಸ್ಪೀಟು ಆಡದಿದ್ದರೆ ಏನಂತೆ, ಮೀನು ತಿಂದು ಎದ್ದು ಬರೋದು. ಕುರ್ಚಿ ಸ್ವಲ್ಪ ಹೊರಗಿದ್ದರೇನು, ಮೇಜು ಅದೇ ತಾನೆ. ಲವೋನಳಿಗೆ ಅಂತ ನಿಂಬೆಹಣ್ಣಿನ ಬಾರ್ ಅನ್ನೋ ಸಿಹಿ ಮಾಡಿ, ಡಬ್ಬೀಲಿ ಹಾಕಿಕೊಂಡು ಹೊರಟೆ.

ದುಂಡು ಮೇಜು ಖಾಲಿ ಇತ್ತು. ಬೇಗ ಬಂದೆನೇನೋ ಅಂತ ನನ್ನ ಹಳೇ ಕುರ್ಚೀಲಿ ಕೂತೆ. ಡಬ್ಬೀನ ಮೇಜಿನ ನಡುವೆ ಇಟ್ಟೆ. ಬಾಗಿಲ ಹತ್ತಿರ ಜನ ಸಾಲು ನಿಂತರು. ಕಿಟಕಿಯಾಚೆ ಗಾಡಿಗಳು ಬಂದವು, ಅವರ ಗಾಡಿ ಬರಲಿಲ್ಲ. ಕೊನೆಗೆ ಕೋರಾ ಬಂದಳು, ನೀರಿನ ಜಗ್ಗು ಸೊಂಟಕ್ಕೆ ಆನಿಸಿಕೊಂಡು.

"ಯಾರಿಗೆ ಕಾಯ್ತಿದ್ದೀಯಾ ಆರ್ಡಿಸ್?"

"ಲವೋನ್ ಕಡೆಯವರಿಗೆಲ್ಲ. ಇನ್ನೂ ಬರಲಿಲ್ಲ."

"ಅವರು ಗುರುವಾರಕ್ಕೆ ಬದಲಾಯಿಸ್ಕೊಂಡ್ರಲ್ಲೇ. ನಿನ್ನೆ ಬಂದು ಉಂಡು ಹೋದ್ರು. ಇನ್ಮೇಲೆ ಪ್ರತಿ ಗುರುವಾರ ಅಂತೆ. ನಿನಗೆ ಹೇಳಲಿಲ್ವಾ?"

ಗುರುವಾರ ರೆಡ್ ಪೈನಿನಲ್ಲಿ ಮೀನಿಲ್ಲ. ಗುರುವಾರ ಕೋಳಿ, ಅದೂ ಬೆಂದು ಬೆಂದು ನಾರಾಗಿರೋ ಕೋಳಿ. ಡ್ವೇನನಿಗೆ ಕೋಳಿ ಕಂಡರೆ ಆಗಲ್ಲ. ಓರ್ವಿಲ್ ಸತ್ತ ವಾರವೂ ಅವರು ಬಿಡದೆ ಬಂದು ತಿಂದ ಮೀನು ಅದು. ನನ್ನ ಜೊತೆ ಕೂರಬೇಕಾಗುತ್ತೆ ಅಂತ ಆ ಮೀನನ್ನೇ ಬಿಟ್ಟರು.

"ಹೇಳಿದ್ದಳು, ನನಗೇ ಮರೆತುಹೋಯ್ತು," ಅಂದೆ. ಮಾನ ಅಂತ ಒಂದಿದೆಯಲ್ಲ.

ಕೋರಾ ಬಾಗಿಲ ಕಡೆ ನೋಡಿದಳು. ಒಂದು ದೊಡ್ಡ ಸಂಸಾರ ನಿಂತಿತ್ತು, ಅಜ್ಜಿ, ಕಂಕುಳ ಕೂಸು ಎಲ್ಲ. "ಆರ್ಡಿಸ್, ಅಡುಗೆಮನೆ ಪಕ್ಕ ಚಿಕ್ಕ ಮೇಜು ಖಾಲಿ ಇದೆ. ಅಲ್ಲಿಗೆ ಹೋಗ್ತೀಯಾ? ನಿನಗೂ ಆರಾಮು."

"ಬೇಡ, ಇಲ್ಲೇ ಇರ್ತೀನಿ."

"ಒಬ್ಬಳಿಗೆ ಇಷ್ಟು ದೊಡ್ಡ ಮೇಜು ಯಾಕೆ ಹೇಳು? ಬಾ, ನಾನೇ ತಟ್ಟೆ ತಂದ್ಕೊಡ್ತೀನಿ."

"ಇಲ್ಲ ಕೋರಾ. ಇಲ್ಲೇ ಸರಿ."

ಅವಳು ಜಗ್ಗನ್ನ ಮೇಜಿನ ಮೇಲಿಟ್ಟಳು. ನನ್ನ ನಿಂಬೆ ಬಾರಿನ ಡಬ್ಬೀನ ಕೈಗೆತ್ತಿಕೊಂಡಳು. ಬಗ್ಗಿ, ನನಗೊಬ್ಬಳಿಗೇ ಕೇಳಿಸೋ ಹಾಗೆ, ಎಷ್ಟು ಮೆತ್ತಗೆ ಅಂದಳು ಅಂದರೆ ನನಗೆ ಅಳು ಬಂತು. "ಏಳು ಆರ್ಡಿಸ್. ನನಗೋಸ್ಕರ."

ಓರ್ವಿಲ್ ಹೋದ ಮೇಲೆ ನನ್ನನ್ನ ಯಾರಾದರೂ ಮೂರು ಸಲ ಕೇಳಿದ್ದು ಅಂದರೆ ಇದೊಂದೇ.

"ಸರಿ," ಅಂದೆ, "ನೀನು ಇಷ್ಟು ಹೇಳ್ತಿದ್ದೀಯಲ್ಲ." ಎದ್ದು ಅಡುಗೆಮನೆ ಕಡೆ ನಡೆದೆ.