ಸದ್ದಿಲ್ಲದ ಅಪ್ಪ

ಅವನದು ಕಿವಿಯ ಕೆಲಸ. ಹೊಸ ಮಾದರಿಯ ಅಣುಶಕ್ತಿ ಜಲಾಂತರ್ಗಾಮಿಯಲ್ಲಿ ಕೂತು, ಸಮುದ್ರದೊಳಗೆ ಯಾರು ಎಲ್ಲಿ ಓಡಾಡುತ್ತಿದ್ದಾರೆಂದು ಹೆಡ್‌ಫೋನಿನಲ್ಲಿ ಆಲಿಸುತ್ತಿರಬೇಕು. ಆ ಹಡಗಿಗೆ ಇಂಧನದ ಚಿಂತೆಯಿಲ್ಲ. ಗಾಳಿ, ನೀರು ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ಅಡುಗೆ ಸಾಮಾನು ತಳ ಕಂಡರಷ್ಟೇ ದಡದ ನೆನಪು. ಅಲ್ಲಿಯವರೆಗೆ ಯಾರ ಕಿವಿಗೂ ಬೀಳದಂತಿರಬೇಕು. ಯಂತ್ರಗಳನ್ನೇ ರಬ್ಬರಿನ ಮೇಲೆ ಕೂರಿಸಿರುವ ಕಡೆ ಮನುಷ್ಯರ ಪಾಡೇನು? ಎಲ್ಲರಿಗೂ ಮೆತ್ತನೆಯ ಬೂಟು. ಒಂದು ಚಮಚ ಬಿದ್ದರೂ ಬೀಳಿಸಿದವನ ಜನ್ಮ ಜಾಲಾಡುತ್ತಾರೆ.

ಇಂಥವನು ರಜೆಗೆ ಮನೆಗೆ ಬಂದರೆ ಏನಾಗಬೇಕೋ ಅದೇ ಆಯಿತು. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದ.

"ರೀ, ಸ್ವಲ್ಪ ಕೆಮ್ಮಾದ್ರೂ ಕೆಮ್ಮಿ! ಎದೆ ಧಸಕ್ ಅನ್ನುತ್ತೆ."

ಹೆಂಡತಿ ಬೈದರೆ ಅವನಿಗೆ ಖುಷಿಯೇ. ಕಷ್ಟವೆಲ್ಲ ಮಗಳದು. ಮೂರು ತುಂಬಿದ ಆ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ. ಮನೆಯವರಿಟ್ಟ ಅಡ್ಡಹೆಸರು ಸೂಜಿಮೆಣಸು. ಹಿಂದಿನ ಸಲ ಅವನು ಹೊರಟಾಗ ತೊದಲುತ್ತಿದ್ದವಳು ಈಗ ಪಟಪಟ ಮಾತಾಡುತ್ತಾಳೆ, ಅಪ್ಪ ಎಂದು ಮಾತ್ರ ಕರೆಯಳು. "ಅಮ್ಮ, ಆ ಮಾಮ ಇನ್ನೂ ಹೋಗಿಲ್ವಾ?" ಎಂದು ಅವನೆದುರೇ ಕೇಳಿದಳು. ರಜೆ ಮುಗಿಯುತ್ತ ಬಂದಿತ್ತು. ಹೀಗೇ ಹೊರಟುಬಿಟ್ಟರೆ ಮುಂದಿನ ಸಲಕ್ಕೆ ಮಾಮನಾಗಿಯೂ ಉಳಿಯಲಾರೆ ಎಂದು ಅವನಿಗೆ ಸಂಕಟ.

ಒಂದು ಸಂಜೆ ಹೆಂಡತಿಯೇ ಉಪಾಯ ಹೇಳಿದಳು: "ಇಬ್ಬರೂ ಕಣ್ಣಾಮುಚ್ಚಾಲೆ ಆಡಿ."

ಮೊದಲು ಮಗಳು ಬಚ್ಚಿಟ್ಟುಕೊಂಡಳು. ಪರದೆಯ ಹಿಂದಿನ ಉಸಿರು ಅವನಿಗೆ ಪಕ್ಕದ ಕೋಣೆಯಿಂದಲೇ ಕೇಳಿಸಿತು. ನೆಟ್ಟಗೆ ಹೋಗಿ ಹಿಡಿದ. "ಮೋಸ!" ಎಂದು ಸೂಜಿಮೆಣಸು ಸಿಡಿಯಿತು. "ಈಗ ನೀನು ಬಚ್ಚಿಟ್ಕೋ."

ಅವನು ಮಲಗುವ ಕೋಣೆಯ ಬಾಗಿಲ ಹಿಂದೆ ನಿಂತ. ಅಭ್ಯಾಸಬಲ, ಉಸಿರು ಕೂಡ ಸದ್ದು ಮಾಡಲಿಲ್ಲ. ಮಗಳು ಮಂಚದಡಿ ನೋಡಿದಳು, ಬೀರುವಿನ ಪಕ್ಕ ನೋಡಿದಳು, ಅವನ ಮುಂದೆಯೇ ಎರಡು ಸಲ ಹಾದುಹೋದಳು. ಅವನಿಗೆ ಒಳಗೊಳಗೇ ಹೆಮ್ಮೆ. ನಿಂತೇ ಇದ್ದ, ಪೆದ್ದ.

ಪುಟ್ಟ ಹೆಜ್ಜೆಗಳು ಹೊರಬಾಗಿಲ ಹತ್ತಿರ ಹೋಗಿ ನಿಂತವು. ಆಮೇಲೆ ಅಳು.

"ಅಮ್ಮಾ... ಅಪ್ಪ ಮತ್ತೆ ನೀರೊಳಗೆ ಹೋಗ್ಬಿಟ್ಟ. ಹೇಳ್ದೇನೇ ಹೋಗ್ಬಿಟ್ಟ."

ಪಕ್ಕದ ಸ್ಟೂಲಿನ ಮೇಲೆ ಸ್ಟೀಲಿನ ತಂಬಿಗೆಯಿತ್ತು. ಎತ್ತಿ ನೆಲಕ್ಕೆ ಬಿಟ್ಟ. ಢಣಢಣ ಎನ್ನುತ್ತ ಅದು ಕೋಣೆಯುದ್ದ ಉರುಳಿತು.

"ಅಪ್ಪ ಸಿಕ್ಕಿದ!" ಎಂದು ಓಡಿಬಂದ ಮಗಳು ಅವನ ಕಾಲು ತಬ್ಬಿಕೊಂಡಳು.

ಹೊರಡುವ ದಿನ ಅವಳಿಗೆ ಮುತ್ತು ಕೊಟ್ಟು, ಹೋಗಿಬರುತ್ತೇನೆಂದು ಹೇಳಿದ. ಮೆತ್ತನೆಯ ಬೂಟನ್ನು ಚೀಲಕ್ಕೆ ತುರುಕಿ, ಬೀದಿಯ ತಿರುವಿನವರೆಗೂ ಚಪ್ಪಲಿ ಬಡಿಯುತ್ತ ನಡೆದ, ಮಗಳಿಗೆ ಕೇಳಿಸಲಿ ಎಂದು.